ಅಂಗೈ ಮತ್ತು ಕರಸ್ಥಲ: ಒಂದೇ ಅಂಗದ ಎರಡು ಹೆಸರುಗಳ ಇತಿಹಾಸ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಲಿಂಗವಂತರ ಮನೆಗಳಲ್ಲಿ ದೇಹದ ಒಂದೇ ಭಾಗಕ್ಕೆ ಎರಡು ಹೆಸರುಗಳು ರೂಢಿಯಲ್ಲಿವೆ. ಹೊಲದಲ್ಲಿ, ಕಣದಲ್ಲಿ, ಅಡುಗೆಮನೆಯಲ್ಲಿ ಅದು ‘ಅಂಗೈ’. ಮಿಂದು, ವಿಭೂತಿ ಧರಿಸಿ, ಪೂಜೆಗೆ ಕುಳಿತಾಗ ಅದೇ ‘ಕರಸ್ಥಲ’. ಪೂಜೆ ಮುಗಿದು ಇಷ್ಟಲಿಂಗವು ಕರಡಿಗೆಯೊಳಗೆ ಬಿಜಯಂಗೈದ ಮೇಲೆ ಕರಸ್ಥಲವೆಂಬ ಮಾತು ಮರೆಗೆ ಸರಿಯುತ್ತದೆ. ಅಂಗೈ ಮತ್ತೆ ಗುದ್ದಲಿ ಹಿಡಿಯುತ್ತದೆ, ರೊಟ್ಟಿ ತಟ್ಟುತ್ತದೆ.

ಈ ಎರಡು ಹೆಸರುಗಳ ನಡುವೆ ಒಂದು ಗೋಡೆ ಇದೆಯೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಅಂಗೈ ಲೌಕಿಕದ್ದು, ಕರಸ್ಥಲ ಪಾರಮಾರ್ಥಿಕದ್ದು. ಅಂಗೈ ಕೆಲಸದ್ದು, ಕರಸ್ಥಲ ಪೂಜೆಯದ್ದು ಎಂದು ತಿಳಿಯುವವರು ಬಹಳ. ದುಡಿದು ಜಡ್ಡುಗಟ್ಟಿದ ಕೈಯನ್ನು ದೇವರ ಮುಂದೆ ಚಾಚಲು ಸಂಕೋಚಪಡುವವರೂ ಉಂಟು. ಆದರೆ ಈ ಎರಡೂ ಪದಗಳು ಎಲ್ಲಿಂದ ಬಂದವು, ಯಾವ ಅರ್ಥವನ್ನು ಹೊತ್ತು ಬಂದವು ಎಂಬುದನ್ನು ವಿಚಾರಿಸಿದರೆ ಆ ಗೋಡೆ ನಿಲ್ಲುವುದಿಲ್ಲ. ಬಸವಾದಿ ಶರಣರು ಕರಸ್ಥಲವೆಂದು ಕರೆದದ್ದು ದುಡಿಯುವ ಅಂಗೈಯನ್ನೇ. ಈ ಸೀಮೆಯ ಶಾಸನಗಳ ಭಾಷೆ, ಇಲ್ಲಿನ ಆಸುಪಾಸಿನಲ್ಲಿ ಬಾಳಿದ ಶರಣರ ಚರಿತ್ರೆ, ವೈದ್ಯಶಾಸ್ತ್ರದ ಪರಿಭಾಷೆ – ಈ ಮೂರೂ ಅದಕ್ಕೆ ಬೆಳಕು ಚೆಲ್ಲುತ್ತವೆ.

ಅಂಗೈ ಎಂದರೆ ಒಳಗೈ

‘ಅಂಗೈ’ ಎಂಬ ಪದವನ್ನು ಕೇಳಿದೊಡನೆ ಸಂಸ್ಕೃತದ ‘ಅಂಗ’ ಶಬ್ದವು ನೆನಪಾಗುವುದು ಸಹಜ. ಅಂಗ–ಲಿಂಗ ಸಾಮರಸ್ಯದ ಮಾತನ್ನು ನಿತ್ಯ ಆಲಿಸುವ ಭಕ್ತರಿಗಂತೂ ‘ಅಂಗದ ಕೈಯೇ ಅಂಗೈ’ ಎಂಬ ಅರ್ಥ ತಾನಾಗಿಯೇ ಹೊಳೆಯುತ್ತದೆ. ಅರ್ಥ ಸೊಗಸಾಗಿದೆ, ಆದರೆ ವ್ಯಾಕರಣವು ಅದಕ್ಕೆ ಸಮ್ಮತಿ ಕೊಡುವುದಿಲ್ಲ. ‘ಅಂಗ’ದ ಮುಂದೆ ‘ಕೈ’ ಬಂದರೆ ಆದೇಶ ಸಂಧಿಯ ನಿಯಮದಂತೆ ಕಕಾರದ ಸ್ಥಾನದಲ್ಲಿ ಗಕಾರ ಬಂದು ‘ಅಂಗಗೈ’ ಎಂದಾಗಬೇಕಾಗಿತ್ತು. ಹಾಗಾಗಿಲ್ಲ. ಮೇಲಾಗಿ ಇದೇ ಅಚ್ಚಿನಲ್ಲಿ ಎರಕಗೊಂಡ ಇನ್ನೊಂದು ಪದ ಕನ್ನಡದಲ್ಲಿದೆ, ಅದು ‘ಅಂಗಾಲು’. ಅಂಗಾಲೆಂದರೆ ಇಡೀ ಕಾಲಲ್ಲ, ನೆಲವನ್ನು ಮುಟ್ಟುವ ಪಾದದ ಅಡಿಭಾಗ. ಅಂಗೈಯೆಂದರೆ ಇಡೀ ಕೈಯಲ್ಲ, ಮುಷ್ಟಿ ಬಿಗಿದಾಗ ಒಳಗೆ ಅಡಗುವ ಭಾಗ. ಆದ್ದರಿಂದ ಮೊದಲಿನ ‘ಅಂ’ ಎಂಬುದು ಇಡೀ ದೇಹವನ್ನಾಗಲಿ ಅವಯವವನ್ನಾಗಲಿ ಹೇಳುತ್ತಿಲ್ಲ. ಅವಯವದ ಒಂದು ಮಗ್ಗುಲನ್ನು ಹೇಳುತ್ತಿದೆ.

ಆ ಮಗ್ಗುಲು ಯಾವುದೆಂಬುದನ್ನು ಸೋದರ ಭಾಷೆಯಾದ ತಮಿಳು ಸ್ಪಷ್ಟಪಡಿಸುತ್ತದೆ. ತಮಿಳಿನಲ್ಲಿ ‘ಅಕಂ’ ಎಂದರೆ ಒಳಗು. ಮನೆಯೂ ಅಕಂ, ಮನಸ್ಸೂ ಅಕಂ. ಪ್ರಾಚೀನ ತಮಿಳು ಕಾವ್ಯಗಳನ್ನು ‘ಅಕಂ’ ಮತ್ತು ‘ಪುಱಂ’, ಅಂದರೆ ಒಳಗು ಮತ್ತು ಹೊರಗು ಎಂದು ಎರಡಾಗಿ ವಿಂಗಡಿಸಿದ್ದು ಇದೇ ಪದದ ಮೇಲೆ. ಕನ್ನಡದ ‘ಪೊಱಗು’, ‘ಹೊರಗು’ ಎಂಬವು ಆ ‘ಪುಱಂ’ನ ಬಳಗದವು. ತಮಿಳಿನ ಅತ್ಯಂತ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯಂ ಈ ಒಂದು ಪದಕ್ಕಾಗಿಯೇ ಪ್ರತ್ಯೇಕ ಸೂತ್ರವನ್ನು ರಚಿಸಿದೆ. ‘ಅಕಂ’ ಶಬ್ದದ ಮುಂದೆ ‘ಕೈ’ ಬಂದಾಗ ಮೊದಲ ಅಕ್ಷರವೊಂದು ಉಳಿದು ಮಿಕ್ಕವು ಲೋಪವಾಗಬಹುದು ಎಂಬುದು ಆ ಸೂತ್ರದ ತಾತ್ಪರ್ಯ. ಹಾಗೆ ಸಿದ್ಧವಾದ ರೂಪವೇ ‘ಅಂಗೈ’. ಕನ್ನಡದ ಅಂಗೈಯೂ ಇದೇ ಹಾದಿಯಲ್ಲಿ ಬಂದದ್ದು. ಕಾಲಾಂತರದಲ್ಲಿ ‘ಅಂ’ ಎಂಬುದರ ಅರ್ಥ ಮಸುಕಾಗುತ್ತಾ ಬಂದಂತೆ ತಮಿಳರೂ ಮಲಯಾಳಿಗರೂ ಅದರ ಹಿಂದೆ ಒಳಗು ಎಂಬರ್ಥದ ‘ಉಳ್’ ಎಂಬುದನ್ನು ಮತ್ತೊಮ್ಮೆ ಸೇರಿಸಿಕೊಂಡು ‘ಉಳ್ಳಂಗೈ’ ಎಂದರು. ಕನ್ನಡಿಗರು ಹಳೆಯ ರೂಪವನ್ನೇ ಉಳಿಸಿಕೊಂಡರು.

ಅಂಗೈ ಎಂದರೆ ಒಳಗೈ, ಅಂಗಾಲು ಎಂದರೆ ಒಳಗಾಲು. ಇಷ್ಟು ತಿಳಿದ ಮೇಲೆ ನಮ್ಮ ಗಾದೆಗಳ ಸ್ವಾರಸ್ಯವೂ ತೆರೆದುಕೊಳ್ಳುತ್ತದೆ. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಎಂದು ಹಳ್ಳಿಗರು ಕೇಳುತ್ತಾರೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದವನನ್ನು ನೋಡಿ ನಗುತ್ತಾರೆ. ಸಂದೇಹಕ್ಕೆ ಎಡೆಯಿಲ್ಲದ ಸಂಗತಿಯನ್ನು ‘ಅಂಗೈ ನೆಲ್ಲಿಕಾಯಿ’ ಎನ್ನುತ್ತಾರೆ. ಹೆಸರಿನಲ್ಲಿ ಒಳಗು ಎಂದಿದ್ದರೂ ಮನುಷ್ಯನು ತನ್ನ ದೇಹದಲ್ಲಿ ಕನ್ನಡಿಯ ಹಂಗಿಲ್ಲದೆ ಅತಿ ಸುಲಭವಾಗಿ ಕಾಣಬಹುದಾದ ಭಾಗ ಇದೇ. ತನ್ನ ಮುಖ ತನಗೆ ಕಾಣದು, ಬೆನ್ನು ಕಾಣದು, ನೆತ್ತಿ ಕಾಣದು. ಅಂಗೈ ಮಾತ್ರ ಬೇಕೆಂದಾಗ ಕಣ್ಣೆದುರಿಗೆ ಬರುತ್ತದೆ. ಕಣ್ಣಿಗೆ ಕಾಣುವ ಒಳಗು ಎಂದರೆ ಅಂಗೈ. ದೀಕ್ಷೆಯ ಸಮಯದಲ್ಲಿ ಗುರುವು ಶಿಷ್ಯನ ಒಳಗಿನ ಚಿತ್ಕಳೆಯನ್ನೇ ಹೊರಗೆ ತೆಗೆದು ಇಷ್ಟಲಿಂಗವಾಗಿ ಅವನ ಕೈಗೆ ಕೊಡುತ್ತಾನೆಂಬುದು ನಮ್ಮ ಪರಂಪರೆಯ ತಿಳಿವಳಿಕೆ. ಒಳಗಿನದನ್ನು ಕಾಣುವಂತೆ ಇರಿಸಲು ‘ಒಳಗೈ’ಗಿಂತ ತಕ್ಕ ಎಡೆ ದೇಹದಲ್ಲಿ ಬೇರೆ ಯಾವುದಿದ್ದೀತು?

ವೈದ್ಯರು ಕಂಡ ಅಂಗೈ

ಸಂಸ್ಕೃತದಲ್ಲಿ ಕೈಗೆ ಹಸ್ತ, ಪಾಣಿ, ಕರ ಎಂಬ ಹೆಸರುಗಳಿವೆ. ಇವುಗಳಲ್ಲಿ ‘ಕರ’ ಶಬ್ದವು ಮಾಡು ಎಂಬರ್ಥದ ‘ಕೃ’ ಧಾತುವಿನಿಂದ ಹುಟ್ಟಿದ್ದು. ಮಾಡುವುದು ಯಾವುದೋ ಅದು ಕರ. ಕರ್ಮ, ಕ್ರಿಯೆ, ಕಾರ್ಯ ಎಂಬ ಪದಗಳೆಲ್ಲ ಅದರ ಒಡಹುಟ್ಟುಗಳು. ಹಳಗನ್ನಡದಲ್ಲಿಯೂ ‘ಕಯ್’ ಎಂದರೆ ಹಸ್ತ, ‘ಕೆಯ್’ ಅಥವಾ ‘ಗೆಯ್’ ಎಂದರೆ ಮಾಡು. ದ್ರಾವಿಡ ಭಾಷಾ ನಿಘಂಟುಕಾರರು ಇವೆರಡನ್ನು ಬೇರೆ ಬೇರೆ ಧಾತುಗಳಾಗಿಯೇ ಎಣಿಸಿದ್ದಾರೆ. ಆದರೂ ಕನ್ನಡಿಗನ ಕಿವಿಗೆ ಅವು ನೆರೆಮನೆಯ ಪದಗಳಂತೆಯೇ ಕೇಳಿಸುತ್ತವೆ. ಶಾಸನಗಳಲ್ಲಿ ಬೆಳೆಯುವ ಹೊಲಕ್ಕೂ ‘ಕೆಯ್’ ಎಂದೇ ಹೆಸರು. ಗೆಯ್ಮೆ ಎಂದರೆ ದುಡಿಮೆ. ಹೀಗೆ ಕೈಯ ಹೆಸರನ್ನು ಎತ್ತಿದಾಗಲೆಲ್ಲ ಕನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ದುಡಿಮೆಯ ನೆರಳು ಸುಳಿಯುತ್ತದೆ.

ಕೈಯ ಒಳಮೈಗೆ ಸಂಸ್ಕೃತದಲ್ಲಿ ‘ಕರತಲ’ ಎಂದು ಹೆಸರು. ತಲ ಎಂದರೆ ಸಮವಾದ ಮೇಲ್ಮೈ. ಆಯುರ್ವೇದದ ಸುಶ್ರುತ ಸಂಹಿತೆಯು ದೇಹದಲ್ಲಿ 107 ಮರ್ಮಸ್ಥಾನಗಳನ್ನು ಹೇಳುತ್ತದೆ. ಪೆಟ್ಟು ಬಿದ್ದರೆ ಪ್ರಾಣಕ್ಕೆ ಅಥವಾ ಅಂಗಕ್ಕೆ ಅಪಾಯವಾಗುವ ಎಡೆಗಳು ಅವು. ಅವುಗಳಲ್ಲಿ ‘ತಲಹೃದಯ’ ಎಂಬ ಮರ್ಮವು ನಾಲ್ಕು ಕಡೆ ಇದೆ: ಎರಡು ಅಂಗೈಗಳ ಮತ್ತು ಎರಡು ಅಂಗಾಲುಗಳ ನಡುವೆ, ನಡುಬೆರಳಿನ ನೇರಕ್ಕೆ. ಅಂಗೈಯ ನಟ್ಟನಡುವಿಗೆ ಪ್ರಾಚೀನ ವೈದ್ಯರು ಇಟ್ಟ ಹೆಸರು ‘ತಲದ ಹೃದಯ’. ಕನ್ನಡ ಭಾಷೆ ಅದೇ ಭಾಗವನ್ನು ‘ಒಳಗು’ ಎಂದು ಕರೆದಿತ್ತು. ಶಸ್ತ್ರವೈದ್ಯನ ಪರಿಭಾಷೆಯೂ ರೈತನ ಆಡುಮಾತೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ಕೂಡಿವೆ.

ಆಧುನಿಕ ಅಂಗರಚನಾಶಾಸ್ತ್ರದ ಪ್ರಕಾರ ಒಂದು ಕೈಯಲ್ಲಿ 27 ಮೂಳೆಗಳಿವೆ. ಮಣಿಕಟ್ಟಿನಲ್ಲಿ 8, ಅಂಗೈಯಲ್ಲಿ 5, ಬೆರಳುಗಳಲ್ಲಿ 14. ಅಂಗೈಯ ಐದು ಮೂಳೆಗಳು ಒಂದೇ ಮಟ್ಟದಲ್ಲಿ ಹಲಗೆಯಂತೆ ಮಲಗಿಲ್ಲ. ಅವು ಕಮಾನಿನಂತೆ ಬಾಗಿ ನಿಂತಿವೆ. ಹೆಬ್ಬೆರಳ ಬುಡದಲ್ಲಿ ಒಂದು ದಿಂಡು, ಕಿರುಬೆರಳ ಬುಡದಲ್ಲಿ ಇನ್ನೊಂದು ದಿಂಡು, ಅವೆರಡರ ನಡುವೆ ಒಂದು ತಗ್ಗು. ನೀರು ಕುಡಿಯಲು ಕೈ ಬಗ್ಗಿಸಿದಾಗ ನೀರು ನಿಲ್ಲುವುದು ಆ ತಗ್ಗಿನಲ್ಲಿ. ಬೀಜ ಬಿತ್ತುವಾಗ ಕಾಳು ನಿಲ್ಲುವುದೂ ಅಲ್ಲಿಯೇ. ಇಷ್ಟಲಿಂಗವು ಅಲುಗದೆ ಕೂರುವುದೂ ಅದೇ ತಗ್ಗಿನಲ್ಲಿ. ಅಂಗೈಯ ಚರ್ಮಕ್ಕೆ ಇನ್ನೊಂದು ವಿಶೇಷವಿದೆ. ಅಲ್ಲಿ ರೋಮವಿಲ್ಲ, ಜಿಡ್ಡಿನ ಗ್ರಂಥಿಗಳಿಲ್ಲ. ಬೆವರಿನ ಗ್ರಂಥಿಗಳು ಮಾತ್ರ ಒತ್ತಾಗಿವೆ. ಆ ಚರ್ಮ ದಪ್ಪವಾದದ್ದು, ಉಜ್ಜಿದಷ್ಟೂ ಇನ್ನಷ್ಟು ದಪ್ಪವಾಗುತ್ತಾ ಹೋಗುವಂಥದ್ದು. ಕೈ ಜಡ್ಡುಗಟ್ಟುವುದು ರೋಗವಲ್ಲ, ದುಡಿಯುವವನ ಅಂಗೈಗೆ ದೇಹವೇ ತೊಡಿಸುವ ಕವಚ.

ಸ್ಥಲ ಎಂಬ ಮಾತು ಬಂದ ದಾರಿ

‘ಕರತಲ’ ಎಂಬ ಸಿದ್ಧವಾದ ಪದವಿದ್ದಾಗಲೂ ಶರಣರು ‘ಕರಸ್ಥಲ’ ಎಂಬುದನ್ನು ಏಕೆ ಹಿಡಿದರು? ಉಚ್ಚಾರದಲ್ಲಿ ಅಂತರ ಅಲ್ಪ, ಅರ್ಥದಲ್ಲಿ ಅಂತರ ಅಪಾರ. ತಲವೆಂದರೆ ಬರಿಯ ಮೇಲ್ಮೈ. ಸ್ಥಲವೆಂದರೆ ನಿಂತ ನೆಲ, ನೆಲೆ, ಎಡೆ.

ಈ ಮಾತಿನ ತೂಕವನ್ನು ಅರಿಯಲು ನಮ್ಮ ಸೀಮೆಯ ಶಾಸನಗಳತ್ತ ನೋಡಬೇಕು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯಲ್ಲಿ ಮೈಸೂರು ಸಂಸ್ಥಾನದ ಶಾಸನಗಳನ್ನು ಪ್ರಕಟಿಸಿದಾಗ ಹೊನ್ನಾಳಿ ಮತ್ತು ಚನ್ನಗಿರಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಆದ್ದರಿಂದ ಅವುಗಳ ಶಾಸನಗಳು ಶಿವಮೊಗ್ಗ ಮತ್ತು ಶಿಕಾರಿಪುರ ತಾಲ್ಲೂಕುಗಳ ಶಾಸನಗಳ ಜೊತೆಯಲ್ಲಿ 1902ರಲ್ಲಿ ಬಂದ ಏಳನೆಯ ಸಂಪುಟದಲ್ಲಿ ಸೇರಿದವು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿಯು ಆಗ ಹೊನ್ನಾಳಿಯೊಳಗೇ ಇತ್ತು. ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದರಿಂದ ಅಲ್ಲಿಯ ಶಾಸನಗಳು ಹನ್ನೊಂದನೆಯ ಸಂಪುಟದಲ್ಲಿವೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಈ ಊರುಗಳು ಒಂದೇ ಆಡಳಿತದ ನೆರಳಿಗೆ ಬಂದವು.

ಆ ಕಾಲದ ದಾನಶಾಸನಗಳ ಭಾಷೆಯಲ್ಲಿ ಒಂದು ಸ್ಥಿರವಾದ ಪದ್ಧತಿ ಕಾಣುತ್ತದೆ. ಅರಸನೋ ದಂಡನಾಯಕನೋ ಊರ ಗಾವುಂಡನೋ ದೇವಾಲಯಕ್ಕೆ ಭೂಮಿಯನ್ನು ಬಿಡುತ್ತಾನೆ. ದೇವಾಲಯದ ಒಡೆತನ ನೋಡಿಕೊಳ್ಳುವ ಸ್ಥಾನಾಚಾರ್ಯನ ಕಾಲನ್ನು ತೊಳೆದು, ಅವನ ಕೈಗೆ ನೀರೆರೆದು, ಧಾರಾಪೂರ್ವಕವಾಗಿ ದಾನ ಮಾಡುತ್ತಾನೆ. ಕೊಟ್ಟ ‘ಕೆಯ್’ ಎಷ್ಟು ಮತ್ತರು, ಅದರ ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಕೆತ್ತಿಸುತ್ತಾನೆ. ಇಲ್ಲಿ ಸ್ಥಾನವೆಂದರೆ ಕಲ್ಲಿನ ಗುಡಿ, ಅದರ ಭೂಮಿ, ಅದರ ಅಧಿಕಾರ. ಮುಂದೆ ವಿಜಯನಗರದ ಕಾಲಕ್ಕೆ ‘ಸ್ಥಳ’ ಎಂಬುದು ಕಂದಾಯಾಡಳಿತದ ಒಂದು ವಿಭಾಗದ ಹೆಸರೇ ಆಯಿತು. ಸೀಮೆಯೊಳಗೆ ಸ್ಥಳ, ಸ್ಥಳದೊಳಗೆ ಗ್ರಾಮ. ‘ಕರ’ವೆಂದು ಉಚ್ಚರಿಸುವ ಇನ್ನೊಂದು ಪದಕ್ಕೆ ತೆರಿಗೆ ಎಂಬ ಅರ್ಥವೂ ಇದೆ. ಬರಿಯ ಲೆಕ್ಕದ ಕಡತದಲ್ಲಿ ಓದಿದರೆ ಕರವೂ ಸ್ಥಳವೂ ಅರಮನೆಯ ಮಾತುಗಳೇ.

ಇಂತಹ ಭೂಮಿಯ, ಗುಡಿಯ, ಅಧಿಕಾರದ ಮಾತನ್ನು ಶರಣರು ಎತ್ತಿ ತಂದು ಮನುಷ್ಯನ ಕೈಮೇಲೆ ಇರಿಸಿದರು. ದೇವರು ನಿಲ್ಲಲು ಮತ್ತರುಗಟ್ಟಲೆ ನೆಲ ಬೇಕಿಲ್ಲ, ಅಂಗೈಯಗಲದ ಎಡೆ ಸಾಕು. ಆ ಎಡೆಯನ್ನು ಯಾರೂ ದಾನವಾಗಿ ಕೊಡಬೇಕಾಗಿಲ್ಲ, ಯಾರೂ ಕಸಿದುಕೊಳ್ಳಲಾರರು. ಅದಕ್ಕೆ ಬೀಗವಿಲ್ಲ, ಬಾಗಿಲಿಲ್ಲ, ಒಳಗೆ ಬರಬೇಡವೆನ್ನುವ ಸ್ಥಾನಪತಿಯಿಲ್ಲ. ಗುಡಿಯ ಹೊಸ್ತಿಲನ್ನು ದಾಟುವ ಹಕ್ಕು ಇಲ್ಲದಿದ್ದವರಿಗೆ, ತುಂಡು ಭೂಮಿಯೂ ಇಲ್ಲದಿದ್ದವರಿಗೆ ಈ ಒಂದು ಪದದಿಂದ ಸ್ಥಲವೊಂದು ದೊರೆಯಿತು. ಅವರ ದೇಹವೇ ಅವರ ಭೂಮಿಯಾಯಿತು. ‘ಕರಸ್ಥಲ’ ಎಂಬ ಪದರಚನೆಯಲ್ಲಿ ಅಡಗಿರುವ ಧೈರ್ಯ ಇದು.

ಬಳ್ಳಿಗಾವೆಯ ನೆಲದೊಳಗಿನ ಗುಡಿ

ಹೊನ್ನಾಳಿ–ನ್ಯಾಮತಿಗಳ ಪಶ್ಚಿಮಕ್ಕೆ ಶಿಕಾರಿಪುರ ತಾಲ್ಲೂಕಿದೆ. ಅಲ್ಲಮಪ್ರಭುವಿನ ಬಳ್ಳಿಗಾವೆ, ಅಕ್ಕಮಹಾದೇವಿಯ ಉಡುತಡಿ, ಶಿವಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನ ಹಿರೇಜಂಬೂರು – ಈ ಮೂರೂ ಆ ತಾಲ್ಲೂಕಿನಲ್ಲಿವೆ. ಹನ್ನೆರಡನೆಯ ಶತಮಾನದ ಬಳ್ಳಿಗಾವೆ ಸಾಮಾನ್ಯ ಊರಾಗಿರಲಿಲ್ಲ. ದೇವಾಲಯಗಳ, ಮಠಗಳ, ವರ್ತಕರ ದೊಡ್ಡ ಪಟ್ಟಣ ಅದು. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖರ ಕೋಡಿಯಮಠವನ್ನು 1162ರ ಶಾಸನವು ಬಣ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠ ಅಲ್ಲಿ ನಡೆಯುತ್ತಿತ್ತು, ಹಸಿದವರಿಗೆ ಅನ್ನ ದೊರೆಯುತ್ತಿತ್ತು, ರೋಗಿಗಳಿಗೆ ಚಿಕಿತ್ಸೆಯೂ ದೊರೆಯುತ್ತಿತ್ತು ಎಂಬುದು ಆ ಶಾಸನದಿಂದ ತಿಳಿಯುತ್ತದೆ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆ ಬೆಳಗುತ್ತಿದ್ದ ಕಾಲವೂ ಅದೇ. ಸ್ಥಾವರ ಪರಂಪರೆ ತನ್ನ ವಿದ್ಯೆಯಲ್ಲಿಯೂ ಸೇವೆಯಲ್ಲಿಯೂ ತುಂಬಿ ನಿಂತಿದ್ದ ಊರಿನಿಂದಲೇ ಅಲ್ಲಮಪ್ರಭು ಹೊರಟದ್ದು ಗಮನಿಸಬೇಕಾದ ಸಂಗತಿ.

ಹರಿಹರ ಮಹಾಕವಿಯು ಪ್ರಭುದೇವರ ರಗಳೆಯಲ್ಲಿ ಹೇಳುವ ಪ್ರಸಂಗವೊಂದು ಕರಸ್ಥಲದ ಅರ್ಥವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಪ್ರಿಯಳಾದ ಕಾಮಲತೆಯನ್ನು ಕಳೆದುಕೊಂಡ ಅಲ್ಲಮ ಮರುಳನಂತೆ ಅಲೆಯುತ್ತಾ ಒಂದು ತೋಟದಲ್ಲಿ ಕುಳಿತಿದ್ದಾನೆ. ಕಾಲಿನ ಉಗುರಿನಿಂದ ನೆಲವನ್ನು ಕೆದಕುತ್ತಿದ್ದಾಗ ಹೊನ್ನ ಕಳಸದ ತುದಿಯೊಂದು ಕಾಣಿಸುತ್ತದೆ. ಅಗೆಸಿ ನೋಡಿದರೆ ನೆಲದೊಳಗೆ ಇಡೀ ಗುಡಿಯೊಂದು ಹುದುಗಿದೆ, ಅದರ ಬಾಗಿಲು ಮುಚ್ಚಿದೆ. ಬಾಗಿಲನ್ನು ಒದ್ದು ತೆರೆದು ಒಳಹೊಕ್ಕ ಅಲ್ಲಮನಿಗೆ ಅಲ್ಲಿ ಕಂಡದ್ದು ಪೀಠದ ಮೇಲಿನ ಕಲ್ಲಿನ ಮೂರ್ತಿಯಲ್ಲ. ಅನಿಮಿಷಯ್ಯನೆಂಬ ಯೋಗಿಯೊಬ್ಬ ರೆಪ್ಪೆ ಬಡಿಯದೆ ತನ್ನ ಕರಸ್ಥಲದ ಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತಿದ್ದಾನೆ. ಆ ಲಿಂಗವು ಅಲ್ಲಮನ ಕೈಗೆ ಬರುತ್ತದೆ, ಅನಿಮಿಷಯ್ಯನ ಪ್ರಾಣ ಬಯಲಾಗುತ್ತದೆ. ಹದಿನೈದನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮನ ಕಥೆ ಬಹುಮಟ್ಟಿಗೆ ಬೇರೆ ರೀತಿಯಲ್ಲಿ ಸಾಗಿದರೂ ಅನಿಮಿಷನ ಪ್ರಸಂಗ ಅಲ್ಲಿಯೂ ಇದೆ.

ಗುಡಿಯ ಒಳಗನ್ನು ಹುಡುಕುತ್ತಾ ಹೋದವನಿಗೆ ಕೊನೆಗೆ ದೊರೆತದ್ದು ಒಂದು ಅಂಗೈ. ಕಳಸ, ಗೋಡೆ, ಬಾಗಿಲು ಎಲ್ಲವನ್ನೂ ದಾಟಿದ ಮೇಲೆ ಗರ್ಭಗುಡಿಯಾಗಿ ಉಳಿದದ್ದು ಮನುಷ್ಯನ ಕೈ. ಲಿಂಗವು ಒಂದು ಕೈಯಿಂದ ಇನ್ನೊಂದು ಕೈಗೆ ಸಾಗಿದಾಗ ಗುಡಿಯನ್ನು ಯಾರೂ ಹೊತ್ತು ತರಬೇಕಾಗಲಿಲ್ಲ. ಅಲ್ಲಮನು ಕಲ್ಯಾಣಕ್ಕೆ ಹೊರಟಾಗ ದೇವಾಲಯವು ಅವನ ಕೈಯಲ್ಲಿಯೇ ಇತ್ತು.

ಹುರಿ ಹೊಸೆದ ಅಂಗೈ

ಚನ್ನಗಿರಿಯ ಮಗ್ಗುಲಿಗೆ ಇನ್ನೆರಡು ಶರಣ ಕ್ಷೇತ್ರಗಳಿವೆ. ಕಲ್ಯಾಣದ ವಿಪ್ಲವದ ನಂತರ ಬಸವಣ್ಣನವರ ಅಕ್ಕ ನಾಗಮ್ಮ ಬಂದು ನೆಲೆಸಿದ್ದು ತರೀಕೆರೆಯ ಕಡೆಯ ಎಣ್ಣೆಹೊಳೆಯ ತೀರದಲ್ಲಿ ಎಂದು ಪರಂಪರೆ ಹೇಳುತ್ತದೆ. ನುಲಿಯ ಚಂದಯ್ಯನ ಐಕ್ಯಸ್ಥಾನವನ್ನು ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನಲ್ಲಿ ಗುರುತಿಸಲಾಗಿದೆ. ತರೀಕೆರೆಯಾಗಲಿ ಹೊಳಲ್ಕೆರೆಯಾಗಲಿ ಚನ್ನಗಿರಿಯ ಎಲ್ಲೆಗೆ ಅಂಟಿಕೊಂಡೇ ಇವೆ. ಚಂದಯ್ಯನ ಹೆಸರಿನಲ್ಲಿರುವ ‘ನುಲಿ’ ಎಂದರೆ ಹುರಿ, ಹೊಸೆದದ್ದು. ಕೆರೆಯ ಅಂಚಿನಲ್ಲಿ ಬೆಳೆದ ಹುಲ್ಲನ್ನು ಕೊಯ್ದು ತಂದು, ಹಗ್ಗ ಹೊಸೆದು, ಮಾರಿ ಬಂದುದರಲ್ಲಿ ಜಂಗಮ ದಾಸೋಹ ನಡೆಸುವುದು ಆತನ ಕಾಯಕ.

ಹಗ್ಗ ಹೊಸೆಯುವುದನ್ನು ಕಂಡವರಿಗೆ ಅದು ಯಾವ ಅಂಗದ ಕೆಲಸವೆಂದು ಹೇಳಬೇಕಾಗಿಲ್ಲ. ಹುಲ್ಲಿನ ಎಳೆಗಳನ್ನು ಎರಡು ಅಂಗೈಗಳ ನಡುವೆ ಇಟ್ಟು ಉಜ್ಜಿ ಉಜ್ಜಿ ಹುರಿ ಬರಿಸಬೇಕು. ದಿನವೆಲ್ಲ ಹೀಗೆ ಉಜ್ಜಿದ ಅಂಗೈ ಮೃದುವಾಗಿ ಉಳಿಯುವುದಿಲ್ಲ. ಶೂನ್ಯಸಂಪಾದನೆಯು ಹೇಳುವಂತೆ ಒಮ್ಮೆ ಚಂದಯ್ಯ ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗವು ಜಾರಿ ಬಿತ್ತು. ಆತ ಅದನ್ನು ಎತ್ತಿಕೊಳ್ಳಲು ನಿಲ್ಲದೆ ತನ್ನ ಕಾಯಕವನ್ನು ಮುಂದುವರಿಸಿದ. ಲಿಂಗವೇ ಆತನ ಬೆನ್ನು ಹತ್ತಿ ಬಂದಿತು. ಆಗ ಮಡಿವಾಳ ಮಾಚಯ್ಯ ನಡುವೆ ಬಂದು ಸಂಧಾನ ಮಾಡಬೇಕಾಯಿತು. ಕೊನೆಗೆ ಲಿಂಗವೂ ಕಾಯಕದಲ್ಲಿ ಪಾಲುಗೊಂಡಿತೆಂದು ಕಥೆ ಸಾಗುತ್ತದೆ.

ಲಿಂಗಕ್ಕಿಂತ ಕಾಯಕ ಹೆಚ್ಚೆಂದು ಸಾರುವ ಕಥೆಯೆಂದೇ ಇದನ್ನು ಸಾಮಾನ್ಯವಾಗಿ ಹೇಳುವುದುಂಟು. ಪದದ ಇತಿಹಾಸವನ್ನು ಹಿಡಿದು ನೋಡಿದರೆ ಇನ್ನೊಂದು ಅರ್ಥವೂ ಗೋಚರಿಸುತ್ತದೆ. ಕರವೆಂದರೆ ಮಾಡುವುದು. ಮಾಡುವುದನ್ನು ನಿಲ್ಲಿಸಿದ ಕೈ ಆಕಾರದಲ್ಲಿ ಕೈಯೇ ಆಗಿದ್ದರೂ ಕರವಾಗಿ ಉಳಿಯುವುದಿಲ್ಲ. ಕರವೇ ಇಲ್ಲದ ಮೇಲೆ ಕರಸ್ಥಲವೆಲ್ಲಿ? ಚಂದಯ್ಯ ಕಾಯಕವನ್ನು ಬಿಟ್ಟು ಲಿಂಗವನ್ನು ಎತ್ತಿಕೊಂಡಿದ್ದರೆ ಲಿಂಗಕ್ಕೆ ನಿಲ್ಲಲು ಎಡೆಯೇ ಇರುತ್ತಿರಲಿಲ್ಲ. ಲಿಂಗವು ತನ್ನ ನೆಲೆಯನ್ನು ಅರಸಿಕೊಂಡು ಹುಲ್ಲು ಹಿಡಿದ ಆ ಒರಟು ಅಂಗೈಯ ಬಳಿಗೇ ಬಂದಿತು.

ಬಿರುದಾದ ಅಂಗದ ಹೆಸರು

ಹದಿನೈದನೆಯ ಶತಮಾನದ ವಿಜಯನಗರದಲ್ಲಿ, ಪ್ರೌಢದೇವರಾಯನ ಆಳ್ವಿಕೆಯ ಹೊತ್ತಿಗೆ, ವಚನಗಳನ್ನು ಸಂಗ್ರಹಿಸಿ ಸಂಕಲಿಸುವ, ಟೀಕೆ ಬರೆಯುವ ದೊಡ್ಡ ಕಾರ್ಯ ನಡೆಯಿತು. ಆ ಕಾಲದ ವಿರಕ್ತರ ಹೆಸರುಗಳಲ್ಲಿ ಒಂದು ವಿಶೇಷ ಕಾಣುತ್ತದೆ. ಕರಸ್ಥಲದ ನಾಗಿದೇವ, ಕರಸ್ಥಲದ ವೀರಣ್ಣೊಡೆಯ, ಕರಸ್ಥಲದ ಮಲ್ಲಿಕಾರ್ಜುನೊಡೆಯ. ದೇಹದ ಭಾಗವೊಂದರ ಹೆಸರು ಹೀಗೆ ಪೂಜ್ಯರ ಹೆಸರಿನ ಹಿಂದೆ ಬಿರುದಾಗಿ ನಿಂತದ್ದು ಅಪರೂಪ. ಜನರು ಸಾಮಾನ್ಯವಾಗಿ ಊರಿನಿಂದ, ಮನೆತನದಿಂದ, ಕಸುಬಿನಿಂದ ಹೆಸರಾಗುತ್ತಾರೆ. ಇವರಿಗೆ ಊರಿನ ಸ್ಥಾನದಲ್ಲಿ ನಿಂತದ್ದು ತಮ್ಮ ಅಂಗೈಯೇ.

ಇಷ್ಟಲಿಂಗವನ್ನು ಧರಿಸಬಹುದಾದ ಎಡೆಗಳನ್ನು ಶಾಸ್ತ್ರಗ್ರಂಥಗಳು ಎಣಿಸಿ ಹೇಳಿವೆ. ಸಿದ್ಧಾಂತ ಶಿಖಾಮಣಿಯು ನೆತ್ತಿ, ಕೊರಳು, ಕಂಕುಳು, ಎದೆ, ಉದರ, ಹಸ್ತ ಎಂದು ಆರು ಎಡೆಗಳನ್ನು ಹೇಳಿ, ನಾಭಿಯ ಕೆಳಗೆ ಧರಿಸುವುದನ್ನು ನಿಷೇಧಿಸುತ್ತದೆ. ವಚನಗಳಲ್ಲಿಯೂ ಕಕ್ಷೆ, ಕರಸ್ಥಲ, ಕಂಠ, ಉತ್ತಮಾಂಗ, ಮುಖಸೆಜ್ಜೆ ಮುಂತಾದ ಹೆಸರುಗಳು ಬರುತ್ತವೆ. ಹೀಗೆ ಎಣಿಸುವಾಗ ತಲೆಗೆ ‘ಉತ್ತಮಾಂಗ’, ಅಂದರೆ ಎಲ್ಲಕ್ಕಿಂತ ಮೇಲಾದ ಅಂಗವೆಂಬ ಹೆಸರು ಮೊದಲೇ ಇತ್ತು. ಆದರೂ ದಿನನಿತ್ಯದ ಪೂಜೆಗೆ ಶರಣರು ಆರಿಸಿದ್ದು ಉತ್ತಮಾಂಗವನ್ನಲ್ಲ. ತಲೆಯ ಮೇಲಿರುವುದನ್ನು ಹೊರಬಹುದು, ನೋಡಲಾಗದು. ಎದೆಯ ಮೇಲಿರುವುದನ್ನು ಕಾಯಬಹುದು, ಸೇವಿಸಲಾಗದು. ನೋಡಲು, ಮುಟ್ಟಲು, ಅರ್ಪಿಸಲು ಒಟ್ಟಿಗೆ ಒದಗುವುದು ಕೈಯೊಂದೇ.

ಅದರಲ್ಲಿಯೂ ಅದು ಎಡಗೈ. ಬಲಗೈ ನೀರೆರೆಯುತ್ತದೆ, ಪತ್ರೆ ಏರಿಸುತ್ತದೆ. ಎಡಗೈ ಪೀಠವಾಗಿ ನಿಲ್ಲುತ್ತದೆ. ಎಡಗೈಯಿಂದ ಕೊಟ್ಟರೆ ಅಪಮಾನ, ಎಡಗೈಯಿಂದ ತೆಗೆದುಕೊಂಡರೆ ಅಶುಭ ಎನ್ನುವ ನಾಡು ಇದು. ದಕ್ಷಿಣದ ಸಮಾಜವನ್ನೇ ಎಡಗೈ, ಬಲಗೈ ಎಂದು ಎರಡು ಪಣಗಳಾಗಿ ಒಡೆದು ಶತಮಾನಗಳ ಕಾಲ ಕಲಹ ನಡೆಸಿದ ಚರಿತ್ರೆಯೂ ನಮ್ಮಲ್ಲಿದೆ. ಅಂತಹ ನಾಡಿನಲ್ಲಿ ಕೀಳೆಂದು ಎಣಿಸಿದ ಕೈಯ ಮೇಲೆ ದೇವರು ಕುಳಿತ. ಕುಳಿತ ಮೇಲೆ ಆ ಕೈಯನ್ನು ಕೀಳೆನ್ನುವ ಬಾಯಿಗೆ ಉತ್ತರ ಬೇರೆ ಬೇಕಾಗಿಲ್ಲ.

ಒಂದೇ ಅಂಗೈ

ಚನ್ನಗಿರಿಯ ಸೀಮೆಯಲ್ಲಿ ಅಡಿಕೆ ಸುಲಿಯುವವರ ಅಂಗೈಗೆ ಅಡಿಕೆಯ ಕಲೆ ಹತ್ತುತ್ತದೆ. ತೊಳೆದರೆ ಒಂದೆರಡು ದಿನಕ್ಕೆ ಹೋಗುವಂಥದ್ದಲ್ಲ. ಹೊನ್ನಾಳಿ, ನ್ಯಾಮತಿಗಳ ಗದ್ದೆಯಲ್ಲಿ ನಾಟಿ ಮಾಡುವ ತಾಯಂದಿರ ಅಂಗೈ ದಿನವಿಡೀ ಕೆಸರು ನೀರಿನಲ್ಲಿ ನೆನೆದು ಸುಕ್ಕುಗಟ್ಟುತ್ತದೆ. ಜಗಳೂರಿನ ಒಣಭೂಮಿಯಲ್ಲಿ ಶೇಂಗಾ ಕಿತ್ತು ಬಿಡಿಸುವವರ ಅಂಗೈಯ ಗೆರೆಗಳಲ್ಲಿ ಮಣ್ಣು ಮನೆ ಮಾಡಿರುತ್ತದೆ. ಚರಂಡಿ ಬಳಿಯುವವರ, ಚಪ್ಪಲಿ ಹೊಲಿಯುವವರ, ಪಾತ್ರೆ ತಿಕ್ಕುವವರ ಅಂಗೈಗಳಿಗೂ ತಮ್ಮ ತಮ್ಮ ಕಾಯಕದ ಗುರುತುಗಳಿವೆ. ಇಂತಹ ಕೈಯನ್ನು ಪೂಜೆಯ ಹೊತ್ತಿಗೆ ಮರೆಮಾಡಿಕೊಳ್ಳಬೇಕೆಂದು ಯಾರಿಗಾದರೂ ಅನ್ನಿಸಿದರೆ, ಅಥವಾ ಇಂತಹ ಕೈಯನ್ನು ಕಂಡು ಯಾರಾದರೂ ಮುಖ ಸಿಂಡರಿಸಿದರೆ, ‘ಕರಸ್ಥಲ’ ಎಂಬ ಪದವು ಅವರ ನಾಲಗೆಯ ಮೇಲಿದೆ, ಅದರ ಅರ್ಥ ಅವರಿಗೆ ದಕ್ಕಿಲ್ಲ.

ಅಂಗೈ ಎಂದರೆ ಒಳಗೈ, ಕರ ಎಂದರೆ ಮಾಡುವುದು, ಸ್ಥಲ ಎಂದರೆ ನೆಲೆ. ಮಾಡುವ ಕೈಯ ಒಳಗು ದೇವರ ನೆಲೆ ಎಂದು ಈ ಮೂರು ಮಾತುಗಳು ಕೂಡಿ ಹೇಳುತ್ತವೆ. ಆದ್ದರಿಂದ ಕರಸ್ಥಲವು ಪೂಜೆಯ ಗಳಿಗೆಗಷ್ಟೇ ಮೀಸಲಾದ ಹೆಸರಲ್ಲ. ಲಿಂಗವು ಕರಡಿಗೆಗೆ ಮರಳಿದ ಮೇಲೂ ಆ ಸ್ಥಲ ಸ್ಥಲವಾಗಿಯೇ ಉಳಿಯುತ್ತದೆ. ಅದೇ ಅಂಗೈಯಿಂದ ತಕ್ಕಡಿ ಹಿಡಿಯುವಾಗ, ಕೂಲಿ ಎಣಿಸಿ ಕೊಡುವಾಗ, ಹಸಿದವರಿಗೆ ಅನ್ನ ನೀಡುವಾಗ, ಮಗುವಿನ ತಲೆ ನೇವರಿಸುವಾಗ ಲಿಂಗ ಕುಳಿತ ಎಡೆ ಇದು ಎಂಬ ಎಚ್ಚರ ಇರಬೇಕು. ಆ ಎಚ್ಚರವಿದ್ದಲ್ಲಿ ಸುಳ್ಳು ತೂಕಕ್ಕೆ ಕೈ ಏಳದು, ಇನ್ನೊಬ್ಬರ ಮೇಲೆ ಪೆಟ್ಟಿಗೆ ಕೈ ಏಳದು. ಸದ್ಭಕ್ತರು ನಾಳೆ ಮುಂಜಾನೆ ಪೂಜೆಗೆ ಕುಳಿತಾಗ ಲಿಂಗವನ್ನು ಇರಿಸಿಕೊಳ್ಳುವ ಮುನ್ನ ತಮ್ಮ ಅಂಗೈಯನ್ನೊಮ್ಮೆ ನೋಡಿಕೊಳ್ಳಲಿ. ಅಲ್ಲಿರುವ ಗೆರೆ, ಗಾಯ, ಜಡ್ಡು, ಕಲೆಗಳೆಲ್ಲ ಲಿಂಗಕ್ಕೆ ಹಾಸಿದ ಹಾಸಿಗೆ.